ಹಳೇ ಸರ್ವರನ್ನು ಗುಜರಿಗೆ ಕೊಡುವ ಮುಂಚೆ

ಪ್ರಶ್ನೆ: ನಮ್ಮ ಯಕ್ಷಗಾನ ಸಂಘದ ಆಫೀಸಿನಲ್ಲಿ ವಿಂಡೋಸ್ ಸರ್ವರ್ 2008 ಆರ್2 ಹಾಕಿದ ಹಳೇ ಕಂಪ್ಯೂಟರ್ ಇದೆ. ತಾಳಮದ್ದಳೆ ರೆಕಾರ್ಡಿಂಗ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಸಂಗಗಳು, ಲೆಕ್ಕಪತ್ರ ಎಲ್ಲ ಸೇರಿ 600 ಜಿಬಿ. ಎಲ್ಲವನ್ನೂ ಕ್ಲೌಡಿಗೆ ಹಾಕಿ ಇದನ್ನು ಗುಜರಿಗೆ ಕೊಡೋಣ ಅಂತ ಹುಡುಗರು ಹೇಳುತ್ತಾರೆ. ಕೊಡಬಹುದಾ ಸರ್?
– ಓದುಗರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಈಗಲೇ ಕೊಡಬೇಡಿ. ಸಾಗಿಸಬೇಕು ಅನ್ನುವುದು ಸರಿಯೇ. ಆ ವಿಂಡೋಸ್‌ಗೆ ಮಾಮೂಲಿ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ.

ಆದರೆ 600 ಜಿಬಿಯನ್ನು 20 ಎಂಬಿಪಿಎಸ್ ವೇಗದಲ್ಲಿ ಅಪ್‌ಲೋಡ್ ಮಾಡಲು ಸುಮಾರು 67 ಗಂಟೆ ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಅಷ್ಟು ಹೊತ್ತು ಕರೆಂಟ್ ಇರುವುದೇ ಕಷ್ಟ ಅಲ್ವಾ? ಲೆಕ್ಕಪತ್ರ, ಪ್ರಸಂಗಗಳು ಕ್ಲೌಡಿಗೆ ಹೋಗಲಿ. ರೆಕಾರ್ಡಿಂಗ್‌ಗೆ ಎರಡು ಡಿಸ್ಕಿನ ನಾಸ್ ತಗೊಳ್ಳಿ. ಅಂದರೆ ಆಫೀಸಿನ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ; ಒಂದು ಡಿಸ್ಕಿನಲ್ಲಿ ಇದ್ದದ್ದೇ ಇನ್ನೊಂದರಲ್ಲೂ ಇರುವಂತೆ ಅದನ್ನು ಹೊಂದಿಸಿ. ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಯಾರದಾದರೂ ಮನೆಯಲ್ಲಿರಲಿ. ನಾಸ್‌ನ ಎರಡು ಡಿಸ್ಕನ್ನು ಎರಡು ಪ್ರತಿ ಅಂತ ಲೆಕ್ಕ ಹಿಡಿಯಬೇಡಿ. ಒಂದು ಫೈಲ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಫೈಲ್ ಹೆಸರಿನದ್ದು. ಪ್ರಸಂಗ, ಊರು, ಭಾಗವತರು, ಅರ್ಥಧಾರಿಗಳು, ಎಲ್ಲರನ್ನೂ ಫೈಲ್ ಹೆಸರಿನಲ್ಲೇ ಸೇರಿಸುವವರು ನಾವು. ವಿಂಡೋಸ್‌ನಲ್ಲಿ ಒಂದು ಹೆಸರಿಗೆ 255 ಅಕ್ಷರದ ಜಾಗ. ನಾಸ್‌ಗಳಲ್ಲಿ ಹೆಚ್ಚಾಗಿ ಇರುವುದು ಲಿನಕ್ಸ್. ಅಲ್ಲಿ 255 ಬೈಟ್ ಮಾತ್ರ. ಕನ್ನಡದ ಒಂದೊಂದು ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು. 'ಕೃಷ್ಣಾರ್ಜುನ' ಅನ್ನುವ ಒಂದೇ ಪದ 33 ಬೈಟ್ ತಿನ್ನುತ್ತದೆ. ಮಿತಿ ಮೀರಿದ ಫೈಲ್ ಕಾಪಿ ಆಗುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ಭಜನಾ ಮಂದಿರದ ಫೈಲ್ ಸಾಗಿಸುವಾಗ ನಾನು ಲಾಗ್ (ಏನೇನು ಕಾಪಿ ಆಯಿತು ಅನ್ನುವ ವರದಿ) ನೋಡದೆ ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ. ನಾಲ್ಕು ರೆಕಾರ್ಡಿಂಗ್ ಹೋದವು. ಅದರಲ್ಲಿ ಅರ್ಥ ಹೇಳಿದ ಇಬ್ಬರು ಈಗಿಲ್ಲ. ಇವತ್ತಿಗೂ ಆ ಮಂದಿರದ ಎದುರು ಹೋಗುವಾಗ ಎದೆ ಭಾರವಾಗುತ್ತದೆ.

ಹಾಗಾಗಿ ಮೊದಲು ಉದ್ದ ಹೆಸರುಗಳನ್ನು ಗಿಡ್ಡ ಮಾಡಿ. ವಿವರವನ್ನೆಲ್ಲ ಒಂದು ಎಕ್ಸೆಲ್ ಪಟ್ಟಿಗೆ ಹಾಕಿ. ಕಟ್-ಪೇಸ್ಟ್ ಬೇಡವೇ ಬೇಡ. ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಅನ್ನುವ ಕಾಪಿ ಕಮಾಂಡ್ ಬಳಸಿ. ನಡುವೆ ಕರೆಂಟ್ ಹೋದರೂ ಅದೇ ಕಮಾಂಡ್ ಮತ್ತೆ ಕೊಟ್ಟರೆ ಸಾಕು, ಉಳಿದದ್ದನ್ನು ಕಾಪಿ ಮಾಡುತ್ತದೆ. ಲಾಗ್ ಬರೆಯಲು ಹೇಳಿ, ಕೊನೆಯಲ್ಲಿ 'ಫೇಲ್ಡ್' ಕಾಲಂನಲ್ಲಿ ಸೊನ್ನೆ ಇದೆಯಾ ನೋಡಿ.

ಇನ್ನು ನುಡಿಯ ಫೈಲುಗಳು. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ಯುನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಅನ್ನುವ ಪದದ ನಡುವೆ ಪೌಂಡಿನ ಗುರುತು ಕಾಣುತ್ತದೆ! ಹಳೇ ಮಲಯಾಳ ಪತ್ರಗಳದ್ದೂ ಇದೇ ಕಥೆ. ಅದಕ್ಕೇ ಫಾಂಟ್ಸ್ ಫೋಲ್ಡರಿನಿಂದ 'ನುಡಿ' ಹೆಸರಿನ ಎಲ್ಲ ಫಾಂಟುಗಳನ್ನೂ ಜೊತೆಗೆ ಒಯ್ಯಿರಿ. ಆಮೇಲೆ ಪ್ರತಿ ಮಾಡಿಕೊಂಡು, ಆ ಪ್ರತಿಯನ್ನು ಯುನಿಕೋಡಿಗೆ ಬದಲಿಸಿ. ಮೂಲ ಹಾಗೇ ಇರಲಿ, ಯಾಕೆಂದರೆ ನಡುವೆ ಬಂದ ಇಂಗ್ಲಿಷ್ ಪದಗಳು ಬದಲಿಸುವಾಗ ಕೆಡುತ್ತವೆ. ಪದ್ಯಗಳನ್ನು ಭಾಗವತಿಕೆ ಗೊತ್ತಿರುವವರು ಒಮ್ಮೆ ಓದಿ ನೋಡಲಿ.

ಹಳೇ ಕಂಪ್ಯೂಟರಿನ ನೆಟ್ ತಂತಿ ತೆಗೆದು ಒಣಗಿದ ಜಾಗದಲ್ಲಿಡಿ. ಮುಂದಿನ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವವರೆಗೆ, ಹೊಸದರಲ್ಲೇ ಕೆಲಸ ಮಾಡಿ. ಅಷ್ಟರಲ್ಲಿ ಯಾರಿಗೂ ಏನೂ ಕಾಣೆಯಾಗಿಲ್ಲ ಅಂತಾದರೆ ಗುಜರಿಗೆ ಕೊಡಿ. ಡಿಸ್ಕ್ ಮಾತ್ರ ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಳ್ಳಿ.