ಮೊದಲು ಅಗಸಿಯ ಹೊರಗೆ ನಿಲ್ಲಿ

ಓದುಗರ ಪ್ರಶ್ನೆಗಳಿಗೆ ರಾಯಚೂರಿನ ಒಬ್ಬ ನಿವೃತ್ತ ಇತಿಹಾಸ ಮೇಷ್ಟ್ರ ಉತ್ತರ

ಪ್ರಶ್ನೆ: ಸರ್, ನನ್ನ ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಏಳು. ಮಗನಿಗೆ ತೋಪು, ಕತ್ತಿ, ಯುದ್ಧ ಅಂದ್ರೆ ಹುಚ್ಚು. ಶನಿವಾರ, ಭಾನುವಾರ ಎರಡೇ ದಿನ ರಜೆ. ರಾಯಚೂರು, ಮುದಗಲ್ಲು, ಕೊಪ್ಪಳ, ಬಳ್ಳಾರಿ ನಾಲ್ಕೂ ಕೋಟೆ ಮುಗಿಸಬಹುದಾ? ಅತ್ತೆಯವರೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು.
- ಒಬ್ಬ ತಾಯಿ, ಸಿಂಧನೂರು

ಉತ್ತರ: ಮುಗಿಸಬಹುದು ತಂಗಿ. ನೋಡೋದಕ್ಕೆ ಆಗಲ್ಲ, ಅಷ್ಟೇ.

ಮೂರು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದೆ. ಮಗ, ಸೊಸೆ, ಮೊಮ್ಮಗಳನ್ನು ಕಾರಿನಲ್ಲಿ ತುಂಬಿಕೊಂಡು ಎರಡು ದಿನದಲ್ಲಿ ಮೂರು ಕೋಟೆ ಸುತ್ತಿಸಿದೆ. ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ. ಮೇಷ್ಟ್ರ ಚಟ ನೋಡಿ, ನಿವೃತ್ತಿಯಾದರೂ ಬಿಡೋದಿಲ್ಲ. ಮನೆಗೆ ಬಂದು ಮೊಮ್ಮಗಳನ್ನು ಕೇಳಿದೆ, "ಏನೇನು ನೋಡಿದೆಯವ್ವಾ?" ಅವಳು ಒಂದೇ ಮಾತು ಹೇಳಿದಳು, "ಕಲ್ಲು."

ಹಾಗಾಗಿ ನೀವು ಎರಡೇ ಊರು ಹಿಡಿಯಿರಿ. ಶನಿವಾರ ರಾಯಚೂರು. ರಾತ್ರಿ ಇಲ್ಲೇ ಉಳಿದು, ಭಾನುವಾರ ಲಿಂಗಸುಗೂರು ಮೇಲೆ ಮುದಗಲ್ಲು. ಸಂಜೆ ಮಸ್ಕಿ ಮೇಲೆ ಮನೆ.

ರಾಯಚೂರಿಗೆ ಬಂದ ತಕ್ಷಣ ಒಳಗೆ ನುಗ್ಗಬೇಡಿ. ಎಲ್ಲರೂ ಒಳಗೆ ಹೋಗಿ, ತೋಪಿನ ಮೇಲೆ ಕೂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನೀವು ಅಗಸಿಯ, ಅಂದರೆ ಕೋಟೆಯ ಹೆಬ್ಬಾಗಿಲಿನ ಹೊರಗೆ, ಕಂದಕದ ಈಚೆ ದಡದಲ್ಲಿ ನಿಲ್ಲಿ. ಮಗನಿಗೆ ಹೇಳಿ: "ಒಳಗೆ ಶತ್ರು ಇದ್ದಾನೆ. ನೀನು ಹೇಗೆ ಹೋಗ್ತೀಯ?" ಆಮೇಲೆ ನೀವು ಸುಮ್ನೆ ಇರಿ. ಅವನೇ ಶುರು ಮಾಡುತ್ತಾನೆ. ಬಾಗಿಲು ಒಡೀತೀನಿ ಅಂತಾನೆ. ಹಾಗಾದರೆ ಬಾಗಿಲು ಎಲ್ಲಿದೆ ಹುಡುಕು ಅನ್ನಿ. ಅದು ನೆಟ್ಟಗೆ ಎದುರಿಗೆ ಇರೋದಿಲ್ಲ. ಹುಡೇವಿನ, ಅಂದರೆ ಬುರುಜಿನ ಮಗ್ಗುಲಲ್ಲಿ ಅಡಗಿರುತ್ತದೆ. ಒಂದು ಬಾಗಿಲು ದಾಟಿದರೆ ದಾರಿ ತಿರುಗುತ್ತದೆ, ಎದುರಿಗೆ ಗೋಡೆ. ಆನೆಗೆ ಓಡಿ ಬಂದು ಗುದ್ದಲು ಜಾಗವೇ ಸಿಗಬಾರದು ಅಂತ ಹೀಗೆ ಕಟ್ಟಿದ್ದು. ತಿರುವಿನಲ್ಲಿ ಸಿಕ್ಕಿಬಿದ್ದವನ ಮೇಲೆ ಮೂರು ಕಡೆಯಿಂದ ಕಲ್ಲು, ಬಾಣ. ಇಷ್ಟು ತಾನಾಗೇ ಕಂಡುಹಿಡಿದ ಹುಡುಗನಿಗೆ ಆಮೇಲೆ ಇಸವಿ ಹೇಳಿದರೂ ನೆನಪಿರುತ್ತದೆ.

ಆಗ 1520ರ ಕಥೆ ಹೇಳಿ. ಕೋಟೆ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನ ಕೈಯಲ್ಲಿತ್ತು. ಕೃಷ್ಣದೇವರಾಯ ಬಂದು ಮುತ್ತಿಗೆ ಹಾಕಿದ. ಒಳಗಿನವರ ಹತ್ತಿರ ತೋಪುಗಳಿದ್ದವು. ರಾಯನ ಜನ ಹಾರೆ, ಗುದ್ದಲಿ ಹಿಡಿದು ಗೋಡೆಯ ಬುಡಕ್ಕೇ ಹೋದರು. ಮೇಲಿಂದ ಗುಂಡು, ಕಲ್ಲು. ಸಾಯೋ ಕೆಲಸಕ್ಕೆ ಯಾರು ಹೋಗ್ತಾರೆ? ಅದಕ್ಕೇ ನಾಯಕರು ಕಿತ್ತು ತಂದ ಕಲ್ಲಿಗೆ ದುಡ್ಡು ಕೊಟ್ಟರು. ದೊಡ್ಡ ಕಲ್ಲಿಗೆ ಜಾಸ್ತಿ, ಸಣ್ಣದಕ್ಕೆ ಕಡಿಮೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ನಡುವೆ ಆದಿಲ್‌ಶಾಹನೇ ಕೃಷ್ಣೆ ದಾಟಿ ಬಂದ. ಮೇ 19ರಂದು ದೊಡ್ಡ ಕಾಳಗವಾಯಿತು. ಅವನ ತೋಪುಗಳೆಲ್ಲ ಒಂದೇ ಸಲ ಸಿಡಿದವು. ಮೊದಲಿಗೆ ರಾಯನ ಸೇನೆ ಹಿಂದೆ ಸರಿಯಿತು, ಆಮೇಲೆ ತಿರುಗಿಬಿದ್ದು ಅವರನ್ನು ಹೊಳೆಗೆ ಅಟ್ಟಿತು. ಗೆದ್ದ ಮೇಲೂ ಕೋಟೆ ಬಾಗಿಲು ತೆರೆಯಲಿಲ್ಲ. ಆಗ ಬಂದವನು ಫಿಗೆರೆಡೊ ಅನ್ನೋ ಇನ್ನೊಬ್ಬ ಪೋರ್ಚುಗೀಸ್, ಜೊತೆಗೆ ಇಪ್ಪತ್ತು ಬಂದೂಕಿನವರು. ಗೋಡೆಯ ಮೇಲೆ ಯಾರು ತಲೆ ಎತ್ತಿದರೂ ಹೊಡೆದರು. ಕೆಳಗಿನವರು ಆರಾಮಾಗಿ ಕಲ್ಲು ಕಿತ್ತರು. ಏನಾಗ್ತಿದೆ ಅಂತ ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು. ಮರುದಿನ ಊರು ಶರಣಾಯಿತು.

ಇದನ್ನು ಗೋಡೆಯ ಬುಡದಲ್ಲೇ ನಿಂತು ಹೇಳಬೇಕು. ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತಾ ಹೇಳಿದರೆ ಮಿರ್ಚಿಯೇ ಗೆಲ್ಲುತ್ತದೆ.

ಬೆಟ್ಟದ ಮೇಲೆ 20 ಅಡಿಗಿಂತ ಉದ್ದದ ತೋಪಿದೆ. ಮಗ ಅದಕ್ಕಾಗಿಯೇ ಬರುತ್ತಾನೆ ಅಂತ ನನಗೆ ಗೊತ್ತು, ಬೆಳಿಗ್ಗೆ ಏಳಕ್ಕೇ ಹತ್ತಿಸಿ. ಅತ್ತೆಯವರು ಹತ್ತುವುದು ಬೇಡ. ಕೆಳಗೆ ಅಗಸಿಯ ನೆರಳಲ್ಲಿ ಕೂರಲಿ. ಮಗಳು ಜೊತೆಗಿರಲಿ, ಗೋಡೆಯ ಕಲ್ಲುಗಳಲ್ಲಿ ಆನೆ, ಮನುಷ್ಯರ ಕೆತ್ತನೆ ಹುಡುಕುತ್ತಾ ಇಬ್ಬರಿಗೂ ಹೊತ್ತು ಹೋಗುತ್ತದೆ.

ಮುದಗಲ್ಲಿನಲ್ಲಿ ಹತ್ತುವ ಕಷ್ಟ ಅಷ್ಟಿಲ್ಲ. ಅಲ್ಲಿ ನೋಡಬೇಕಾದ್ದು ಕಂದಕ. ಅಷ್ಟು ಅಗಲದ ಕಂದಕ ನಮ್ಮ ಕಡೆ ಬೇರೆಲ್ಲೂ ನಾನು ನೋಡಿಲ್ಲ. ಕೋಟೆಯೊಳಗೆ ಈಗಲೂ ಜನರ ಮನೆಗಳಿವೆ, ಅಂಗಳದಲ್ಲಿ ನಿಂತು ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳಿಗಾಗಿ ವಿಜಯನಗರದ ಒಂದನೇ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್‌ಶಾಹನಿಗೂ 1406ರಲ್ಲಿ ಯುದ್ಧವಾಯಿತು ಅಂತ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಕಥೆ ಚೆನ್ನಾಗಿದೆ. ಆದರೆ ಕೃಷ್ಣಾ-ತುಂಗಭದ್ರೆಯ ನಡುವಿನ ಈ ಎರೆಭೂಮಿಗಾಗಿ ಅವರು ಅದಕ್ಕೆ ಮೊದಲೂ ಬಡಿದಾಡಿದರು, ಆಮೇಲೂ ಬಡಿದಾಡಿದರು. ಪಾಪ, ಆ ಹುಡುಗಿಯ ತಲೆಗೆ ಕಟ್ಟಿದರು, ಅಲ್ವಾ?

ಪ್ರಶ್ನೆ: ಕೊಪ್ಪಳ ಕೋಟೆ ಮಕ್ಕಳ ಜೊತೆ ಹತ್ತಬಹುದಾ?
- ಒಬ್ಬ ತಂದೆ, ಗಂಗಾವತಿ

ಉತ್ತರ: ಹತ್ತಬಹುದು, ಚಳಿಗಾಲದ ಬೆಳಿಗ್ಗೆ. ನಾನು ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ ಹತ್ತಿದೆ, ಐದು ಜನಕ್ಕೆ ಎರಡು ಬಾಟಲಿ ನೀರು ಹಿಡಿದುಕೊಂಡು. ಅರ್ಧ ದಾರಿಯಲ್ಲಿ ಸೊಸೆ ನನ್ನ ಮುಖ ನೋಡಿದ್ದು ಇನ್ನೂ ಮರೆತಿಲ್ಲ. ತಲೆಗೊಂದು ಲೀಟರ್ ನೀರು ಬೇಕೇ ಬೇಕು.

ಆ ಬಂಡೆಗಳ ನಡುವೆ ಏದುಸಿರು ಬಿಡುತ್ತಾ ಕೂತಾಗಲೇ ನನಗೆ ಆ ಮುತ್ತಿಗೆ ಅರ್ಥವಾಗಿದ್ದು. ಟಿಪ್ಪು 1786ರಲ್ಲಿ ಈ ಕೋಟೆ ಹಿಡಿದು, ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. 1790ರಲ್ಲಿ ನಿಜಾಮ ಮತ್ತು ಇಂಗ್ಲಿಷರ ಪಡೆ ಬಂದು ಕೂತಿತು. ಸುಮಾರು ಆರು ತಿಂಗಳು ಬಡಿದರೂ ಬೀಳಲಿಲ್ಲ. 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಬಿತ್ತು, ಏಪ್ರಿಲ್‌ನಲ್ಲಿ ಇಲ್ಲಿಯವರೂ ಕೈ ಚೆಲ್ಲಿದರು. ಆ ಮುತ್ತಿಗೆಯಲ್ಲಿದ್ದ ಇಂಗ್ಲಿಷರ ಪಡೆಯ ಅಧಿಕಾರಿ ಜಾನ್ ಮಾಲ್ಕಮ್, ತಾನು ನೋಡಿದ ಕೋಟೆಗಳಲ್ಲೆಲ್ಲ ಇದೇ ಗಟ್ಟಿ ಅಂದಿದ್ದ. 1858ರಲ್ಲಿ ಮುಂಡರಗಿ ಭೀಮರಾಯರು ಇದೇ ಕೋಟೆ ಹಿಡಿದು ಇಂಗ್ಲಿಷರ ವಿರುದ್ಧ ನಿಂತರು, ಇಲ್ಲೇ ಹೋರಾಡುತ್ತಾ ಸತ್ತರು. ಟಿಪ್ಪುವಿನ ಕೋಟೆ ಅಂತ ಮಾತ್ರ ಹೇಳಿ ಮಕ್ಕಳನ್ನು ಇಳಿಸಿಬಿಡಬೇಡಿ, ಭೀಮರಾಯರ ಹೆಸರೂ ಅಲ್ಲೇ ಹೇಳಿ.

ಪ್ರಶ್ನೆ: ಬಳ್ಳಾರಿ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ್ನು ಹೈದರಾಲಿ ಗಲ್ಲಿಗೇರಿಸಿದ್ದು ನಿಜಾನಾ?
- ಕಾಲೇಜು ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಊರೆಲ್ಲ ಹೇಳುವ ಕಥೆ ಅದು ತಮ್ಮಾ. ಮೇಲಿನ ಕೋಟೆ ಹನುಮಪ್ಪ ನಾಯಕನದು. ಹೈದರಾಲಿ 1769ರಲ್ಲಿ ಊರು ಹಿಡಿದ ಮೇಲೆ ಅದನ್ನು ಸರಿಮಾಡಿಸಿ ಕೆಳಗಿನ ಕೋಟೆ ಕಟ್ಟಿಸಿದ. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಆಮೇಲೆ ಗೊತ್ತಾಗಿ, ಸಿಟ್ಟಿಗೆದ್ದು ಎಂಜಿನಿಯರನ್ನು ಪೂರ್ವದ ಬಾಗಿಲಲ್ಲಿ ನೇಣು ಹಾಕಿಸಿದ ಅಂತಾರೆ. ಅವನ ಗೋರಿ ಅಂತ ಒಂದು ಗೋರಿಯನ್ನೂ ತೋರಿಸುತ್ತಾರೆ, ಅದು ಯಾರೋ ಸಂತರದ್ದು ಅನ್ನುವವರೂ ಇದ್ದಾರೆ.

ನನಗೆ ಗೋರಿಗಿಂತ ಗುಡ್ಡ ಮುಖ್ಯ. ಮೇಲೆ ಹತ್ತಿ ಕುಂಬಾರ ಗುಡ್ಡದ ಕಡೆ ನೋಡು. ಅಲ್ಲಿ ನಾಲ್ಕು ತೋಪು ಇಟ್ಟರೆ ನೀನು ನಿಂತ ಜಾಗದ ಗತಿ ಏನು? ಬಾಣದ ಕಾಲದಲ್ಲಿ ಆ ಗುಡ್ಡ ಸುಮ್ನೆ ಗುಡ್ಡ. ತೋಪು ಬಂದ ಮೇಲೆ ಅದೇ ಶತ್ರು. ಕಥೆ ಹುಟ್ಟಿದ್ದು ಆ ಭಯದಿಂದ ಅಂತ ನನ್ನ ಲೆಕ್ಕ.

ಪ್ರಶ್ನೆ: ರಾಯಚೂರಿನಲ್ಲಿ ಬಸ್ಸು ಬದಲಿಸಬೇಕು, ಒಂದು ಗಂಟೆ ಸಿಗುತ್ತದೆ. ಏನು ನೋಡಲಿ?
- ಒಬ್ಬ ಅಜ್ಜಿ, ಲಿಂಗಸುಗೂರು

ಉತ್ತರ: ಒಂದೇ ಕಲ್ಲು ನೋಡಿ ಅಮ್ಮಾ. ಕೋಟೆ ಬಸ್ ನಿಲ್ದಾಣಕ್ಕೆ ಹತ್ತಿರ. ಒಳಕೋಟೆಯ ಪಡುವಣ ಗೋಡೆಯಲ್ಲಿ 41 ಅಡಿ 8 ಇಂಚು ಉದ್ದದ ಒಂದೇ ಬಂಡೆ ಕೂತಿದೆ. ಕಾಕತೀಯರ ಕಾಲದ್ದು, 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಅಂತ ಅದರಲ್ಲಿ ತೆಲುಗಿನಲ್ಲಿ ಬರೆದಿದೆ. ಬರಹ ಓದೋಕೆ ಆಗದಿದ್ದರೂ ಪರವಾಗಿಲ್ಲ. ಹತ್ತಿರದಲ್ಲೇ ಗೋಡೆಯ ಮೇಲೆ ಗೆರೆಯಲ್ಲಿ ಬಿಡಿಸಿದ ಚಿತ್ರವಿದೆ. ಇದೇ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಸಾಲು ಸಾಲು ಕೋಣ ಕಟ್ಟಿ ಎಳೆಸುತ್ತಿದ್ದಾರೆ. ಆಳುಗಳು ಕೂಗುತ್ತಿದ್ದಾರೆ, ಕೆಲವರು ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ನಮ್ಮ ಕಡೆಯ ಯಾವ ಕೋಟೆಯಲ್ಲೂ ರಾಜನನ್ನು ಬಿಟ್ಟು ಹೊರೆ ಎಳೆದವರ ಚಿತ್ರ ಹೀಗೆ ಬಿಡಿಸಿದ್ದು ನಾನು ಕಂಡಿಲ್ಲ.

"ಕಲ್ಲು" ಅಂದಿದ್ದ ಮೊಮ್ಮಗಳನ್ನು ಆಮೇಲೆ ಒಂದು ಸಂಜೆ ಇಲ್ಲಿಗೇ ಕರೆದುಕೊಂಡು ಹೋದೆ. ಇಬ್ಬರೂ ಕೋಣ ಎಣಿಸೋಕೆ ಕೂತೆವು. ಗೆರೆ ಸವೆದಿದೆ, ನನ್ನ ಕಣ್ಣಿಗೆ ಪೊರೆ. ಅವಳ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಇನ್ನೂ ತಾಳೆಯಾಗಿಲ್ಲ. ನೀವು ಎಣಿಸಿದರೆ ಒಂದು ಕಾರ್ಡು ಹಾಕಿ.