ಐದು ದಿನದ ರಜೆ, ಒಂದು ದಿನದ ಟೆಸ್ಟ್

ಪ್ರಶ್ನೆ: ನಾನು ಕಲಬುರಗಿಯಲ್ಲಿ ಸರ್ಕಾರಿ ನೌಕರ, ಕ್ರಿಕೆಟ್ಟಿನ ಕಟ್ಟಾ ಅಭಿಮಾನಿ. ಮದುವೆಯಾದ ಮೇಲೆ ಮೂರು ಸಲ ಕುಟುಂಬದೊಂದಿಗೆ ಪ್ರವಾಸ ಹೋಗಿದ್ದೇನೆ. ಮೂರೂ ಸಲ ಯಾವುದೋ ಪಂದ್ಯದ ದಿನಾಂಕ ನೋಡಿಯೇ ರಜೆ ಹಾಕಿದ್ದೆ. ಕಳೆದ ಸಲ ನಸುಕಿನಲ್ಲಿ ಕಾರು ಹೊರಡಿಸಿ ನೇರವಾಗಿ ಹೈದರಾಬಾದಿನ ಕ್ರೀಡಾಂಗಣಕ್ಕೆ ಹೋದೆವು. ನಗರದೊಳಗೆ ಎರಡು ತಾಸು ವಾಹನಗಳ ನಡುವೆ ಸಿಕ್ಕಿಕೊಂಡೆವು, ಬಿಸಿಲಿಗೆ ಮಗ ವಾಂತಿ ಮಾಡಿಕೊಂಡ, ಮರುದಿನ ಏನನ್ನೂ ನೋಡದೆ ಮರಳಿದೆವು. ಹೈದರಾಬಾದಿಗೆ ಮತ್ತೆ ಟೆಸ್ಟ್ ಪಂದ್ಯ ಬಂದಾಗ ಐದು ದಿನ ರಜೆ ಹಾಕಿ ಎಲ್ಲರನ್ನೂ ಕರೆದೊಯ್ಯುವ ಆಸೆ ನನ್ನದು. ಪತ್ನಿ ಮಾತ್ರ, “ಮತ್ತ ಮ್ಯಾಚಿಗೇ ಅಂದ್ರ ನೀವೊಬ್ರೇ ಹೋಗಿ ಬರ್ರಿ” ಎನ್ನುತ್ತಾಳೆ. ತಂದೆಗೆ ಮೊಣಕಾಲು ನೋವು, ಬಸವಕಲ್ಯಾಣ ನೋಡುವ ಹಂಬಲ. ಹನ್ನೊಂದು ವರ್ಷದ ಮಗಳು ಸದಾ ಚಿತ್ರ ಬಿಡಿಸುತ್ತಿರುತ್ತಾಳೆ. ಏಳು ವರ್ಷದ ಮಗನಿಗೆ ನನ್ನಂತೆಯೇ ಬ್ಯಾಟಿನ ಹುಚ್ಚು. ಪ್ರವಾಸವನ್ನು ಹೇಗೆ ಹೊಂದಿಸಲಿ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಂದೆಯವರ ಹಂಬಲ, ಮಗಳ ಚಿತ್ರ, ಮಗನ ಬ್ಯಾಟು ಎಲ್ಲವೂ ಅದರಲ್ಲಿವೆ. ನಿಮ್ಮ ಪತ್ನಿಗೆ ಏನು ಇಷ್ಟ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಮೂರು ಪ್ರವಾಸಗಳೂ ತಮ್ಮನ್ನು ಕೇಳದೆ ನಿಶ್ಚಯವಾದವು ಎಂಬುದೇ ಅವರ ಬೇಸರದ ಮೂಲವಿರಬಹುದೆಂದು ನನಗೆ ತೋರುತ್ತದೆ. ಆದುದರಿಂದ ಟಿಕೆಟ್ ಕೊಳ್ಳುವ ಮೊದಲು ನಕ್ಷೆಯನ್ನು ಮುಂದಿಟ್ಟುಕೊಂಡು ಅವರೊಡನೆ ಕುಳಿತುಕೊಳ್ಳಿ. ಎಲ್ಲಿ ಇಳಿಯಬೇಕು, ಎಲ್ಲಿ ತಂಗಬೇಕು ಎಂಬುದನ್ನು ಅವರಿಂದಲೇ ಗುರುತು ಮಾಡಿಸಿ. ನಾನು ಕೆಳಗೆ ಬರೆದಿರುವುದರಲ್ಲಿ ಅವರಿಗೆ ಒಪ್ಪಿಗೆಯಾಗದ್ದನ್ನು ಯಾವ ಮುಲಾಜೂ ಇಲ್ಲದೆ ಬಿಟ್ಟುಬಿಡಿ. ಪಂದ್ಯಕ್ಕೆ ಐದರಲ್ಲಿ ಒಂದೇ ದಿನವಿರಲಿ.

ಹೈದರಾಬಾದಿನ ಉಪ್ಪಲ್ ಕ್ರೀಡಾಂಗಣವನ್ನು ಮಕ್ಕಳಿಗೆ ತೋರಿಸಬೇಕೆಂಬ ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. 2009ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ 350 ರನ್ನುಗಳನ್ನು ಬೆನ್ನಟ್ಟಿ ಸಚಿನ್ ತೆಂಡೂಲ್ಕರ್ 175 ಹೊಡೆದೂ ಭಾರತ ಮೂರೇ ರನ್ನುಗಳಿಂದ ಸೋತದ್ದು ಅಲ್ಲಿಯೇ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. 2023ರ ಜನವರಿಯಲ್ಲಿ ಶುಭಮನ್ ಗಿಲ್ ನ್ಯೂಜಿಲೆಂಡಿನ ಎದುರು 208 ಗಳಿಸಿದ್ದೂ ಅಲ್ಲಿಯೇ. ಇವನ್ನೆಲ್ಲ ಮಗನಿಗೆ ದಾರಿಯಲ್ಲೇ ಹೇಳಿ.

ಮಕ್ಕಳು ಮತ್ತು ಹಿರಿಯರಿರುವ ಕುಟುಂಬಕ್ಕೆ ಹಗಲು–ರಾತ್ರಿ ಪಂದ್ಯಕ್ಕಿಂತ ಟೆಸ್ಟ್ ಪಂದ್ಯದ ಒಂದು ದಿನವೇ ಹಿತ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತೂವರೆಗೆ ಆಟ ಆರಂಭವಾಗಿ ಸಂಜೆ ಐದರೊಳಗೆ ಮುಗಿಯುತ್ತದೆ, ನಡುವೆ ಊಟಕ್ಕೂ ಚಹಕ್ಕೂ ಬಿಡುವಿರುತ್ತದೆ, ರಾತ್ರಿ ಮಕ್ಕಳು ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಆದರೆ ಕೊನೆಯ ದಿನದ ರೋಚಕತೆಯನ್ನು ನಂಬಿ ಐದನೆಯ ದಿನದ ಟಿಕೆಟ್ ಕೊಳ್ಳಬೇಡಿ. 2024ರ ಜನವರಿಯಲ್ಲಿ ಇದೇ ಅಂಗಳದಲ್ಲಿ ಭಾರತ ಮೊದಲ ಇನ್ನಿಂಗ್ಸಿನಲ್ಲಿ 190 ರನ್ನುಗಳ ಮುನ್ನಡೆ ಪಡೆದಿತ್ತು. ಆಲಿ ಪೋಪ್ ಅವರ 196, ಟಾಮ್ ಹಾರ್ಟ್ಲಿ ಅವರ ಏಳು ವಿಕೆಟ್ಟುಗಳು ಆಟವನ್ನು ತಿರುಗಿಸಿ, ಇಂಗ್ಲೆಂಡ್ 28 ರನ್ನುಗಳಿಂದ ಗೆದ್ದು, ಪಂದ್ಯ ನಾಲ್ಕೇ ದಿನಕ್ಕೆ ಮುಗಿದುಹೋಯಿತು. ಎರಡನೆಯ ಅಥವಾ ಮೂರನೆಯ ದಿನವನ್ನು ಆರಿಸಿಕೊಳ್ಳಿ, ನೆರಳಿರುವ ಆಸನಕ್ಕೆ ಸ್ವಲ್ಪ ಹೆಚ್ಚು ಹಣ ಕೊಡಲು ಹಿಂಜರಿಯಬೇಡಿ.

ಕಳೆದ ಸಲ ನಿಮ್ಮನ್ನು ಹಣ್ಣುಮಾಡಿದ್ದು ನಗರದೊಳಗಿನ ದಾರಿ. ನಮ್ಮ ಕಡೆಯಿಂದ ಜಹೀರಾಬಾದ್ ಮಾರ್ಗವಾಗಿ ಹೋಗುವವರು ಹೈದರಾಬಾದಿನ ಪಶ್ಚಿಮ ಅಂಚಿನಲ್ಲಿ ಪ್ರವೇಶಿಸುತ್ತಾರೆ. ಉಪ್ಪಲ್ ಇರುವುದು ಪೂರ್ವ ದಿಕ್ಕಿನಲ್ಲಿ. ಇಡೀ ನಗರವನ್ನು ಕಾರಿನಲ್ಲಿ ದಾಟುವ ಬದಲು ಮಿಯಾಪುರದ ಸುತ್ತಮುತ್ತ ವಸತಿ ಮಾಡಿ, ಕಾರನ್ನು ಅಲ್ಲಿಯೇ ಬಿಡಿ. ಮಿಯಾಪುರದಿಂದ ಮೆಟ್ರೊದಲ್ಲಿ ಅಮೀರ್‌ಪೇಟೆಗೆ ಬಂದು, ಅಲ್ಲಿ ನಾಗೋಲ್ ಕಡೆಯ ನೀಲಿ ಮಾರ್ಗದ ಗಾಡಿ ಹಿಡಿದರೆ, ‘ಸ್ಟೇಡಿಯಂ’ ಎಂಬ ಹೆಸರಿನ ನಿಲ್ದಾಣವೇ ಸಿಗುತ್ತದೆ. ತಂದೆಯವರಿಗೂ ನಿಮ್ಮ ಪತ್ನಿಗೂ ಆಟ ನೋಡುವ ಮನಸ್ಸಿಲ್ಲದಿದ್ದರೆ ಬಲವಂತ ಬೇಡ. ಶುಕ್ರವಾರ ರಜೆಯಿರುವ ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ಅವರು ಬೇರೆ ದಿನಗಳಲ್ಲಿ ಸಾವಕಾಶವಾಗಿ ನೋಡಬಹುದು. ಗೋಲ್ಕೊಂಡ ಕೋಟೆಯ ಮೆಟ್ಟಿಲುಗಳು ಮೊಣಕಾಲು ನೋವಿನವರಿಗೆ ಸಲ್ಲವು.

ಇನ್ನು ದಾರಿಯ ವಿಚಾರ. ಮೊದಲ ದಿನವೇ ಹೈದರಾಬಾದ್ ತಲುಪುವ ಅವಸರವನ್ನು ದಯವಿಟ್ಟು ಬಿಡಿ. ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೊರಡಿ. ಕಮಲಾಪುರದಲ್ಲಿ ಅಲ್ಲಿಯದೇ ಕೆಂಪು ಬಾಳೆಹಣ್ಣು ಸಿಕ್ಕರೆ ಒಂದು ಡಜನ್ ತೆಗೆದುಕೊಳ್ಳಿ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮಾತ್ರ ಕಡ್ಡಾಯವಾಗಿ ಇಳಿಯಿರಿ. ಅಲ್ಲಿಯ ಚಾಲುಕ್ಯರ ಕಾಲದ ದೇವಾಲಯದ ಹೊರಗೋಡೆಯ ಮೇಲೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯೊಬ್ಬಳಿದ್ದಾಳೆ. ದರ್ಪಣ ಹಿಡಿದ, ನರ್ತಿಸುವ ಸುಂದರಿಯರನ್ನು ನಾವು ಅನೇಕ ಕಡೆ ಕಾಣುತ್ತೇವೆ. ಅಕ್ಷರ ಕೆತ್ತುತ್ತಿರುವ ಹೆಣ್ಣು ಬಲು ಅಪರೂಪ. ನಿಮ್ಮ ಮಗಳಿಗೆ ಚಿತ್ರದ ಪುಸ್ತಕ ಕೊಟ್ಟು ಅಲ್ಲಿ ಅರ್ಧ ತಾಸು ಸುಮ್ಮನೆ ಬಿಡಿ, ಗಡಿಯಾರ ನೋಡಬೇಡಿ. ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಟೆಸ್ಟ್ ದಿನದ ಸ್ಕೋರನ್ನು ಓವರಿನಿಂದ ಓವರಿಗೆ ಬರೆಯುವ ಕೆಲಸವನ್ನೂ ಅವಳಿಗೆ ಒಪ್ಪಿಸಬಹುದು. ಕೈಗೆ ಕೆಲಸವಿದ್ದರೆ ಮಕ್ಕಳಿಗೆ ಟೆಸ್ಟ್ ಪಂದ್ಯ ಬೇಸರ ತರಿಸುವುದಿಲ್ಲ.

ರಾತ್ರಿ ಬೀದರಿನಲ್ಲಿ ತಂಗಿ. ಮರುದಿನ ಬೆಳಿಗ್ಗೆ ಕೋಟೆಯ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಕುಸುರಿಯನ್ನು, ಊರೊಳಗೆ 1472ರ ಮಹಮೂದ್ ಗವಾನನ ಮದರಸಾದ ಉಳಿದ ಮಿನಾರಿನ ಬಣ್ಣದ ಹೆಂಚುಗಳನ್ನು ನೋಡಿ. ಮಹಲಿನ ಬಾಗಿಲು ಹಾಕಿದ್ದರೆ ಕೋಟೆಯ ಸಿಬ್ಬಂದಿಯನ್ನು ಕೇಳಿ ನೋಡಿ. ಬಿದರಿ ಕುಶಲಕರ್ಮಿಗಳ ಅಂಗಡಿಗಳಲ್ಲಿ ಸತುವು–ತಾಮ್ರದ ಎರಕಕ್ಕೆ ಬೆಳ್ಳಿಯ ತಂತಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವುದನ್ನು ಹತ್ತಿರದಿಂದ ಕಾಣಬಹುದು. ಮಧ್ಯಾಹ್ನ ಹೊರಟರೂ ಸಂಜೆಯೊಳಗೆ ಮಿಯಾಪುರ ಸೇರುತ್ತೀರಿ. ಮೂರನೆಯ ದಿನ ಪಂದ್ಯ. ನಾಲ್ಕನೆಯ ದಿನ ಪೂರ್ತಿ ನಿಮ್ಮ ಪತ್ನಿ ಹೇಳಿದಂತೆ. ಅಂದು ಆಟ ಎಷ್ಟೇ ಬಿಗಿಯಾಗಿದ್ದರೂ ಫೋನಿನಲ್ಲಿ ಸ್ಕೋರ್ ನೋಡುತ್ತ ಅವರ ಹಿಂದೆ ನಡೆಯಬೇಡಿ.

ಐದನೆಯ ದಿನ ಮರಳುವಾಗ ಹುಮನಾಬಾದಿನಲ್ಲಿ ಕಲಬುರಗಿಯ ಕಡೆ ತಿರುಗದೆ, ಪುಣೆಯ ಹೆದ್ದಾರಿಯಲ್ಲಿಯೇ ಮುಂದುವರಿದು ಬಸವಕಲ್ಯಾಣಕ್ಕೆ ಹೋಗಿ. ಮಧ್ಯಾಹ್ನದೊಳಗೆ ತಲುಪಿದರೆ ತಂದೆಯವರು ಅನುಭವ ಮಂಟಪದಲ್ಲಿ ತಮಗೆ ಬೇಕಾದಷ್ಟು ಹೊತ್ತು ಕುಳಿತುಕೊಳ್ಳಬಹುದು. ಅಲ್ಲಿಂದ ಮನೆಗೆ ಎರಡು ತಾಸಿನ ದಾರಿ.