ಕೂತಲ್ಲಿ ಕೂರದ ಮಗು: ಅಳೆಯುವುದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ 4 ವರ್ಷ. ಒಂದು ಕಡೆ ಕೂರಲ್ಲ, ಊಟ ಮಾಡಿಸಲು ತಟ್ಟೆ ಹಿಡಿದು ಹಿಂದೆ ಹಿಂದೆ ಓಡಬೇಕು. ನಾದಿನಿ ಮಗಳಿಗೂ ಅದೇ ವಯಸ್ಸು, ಅವಳು ಸುಮ್ನೆ ಕೂತು ಆಡ್ತಾಳೆ. ‘ಇವನು ಹೈಪರ್ ಆಕ್ಟಿವ್, ಟೆಸ್ಟ್ ಮಾಡಿಸು’ ಅಂತಾರೆ ಮನೆಯವರು. ಹೆಜ್ಜೆ ಎಣಿಸುವ ವಾಚ್ ಕಟ್ಟಿದರೆ ಗೊತ್ತಾಗುತ್ತಾ?
– ಓದುಗರು, ತಿಪಟೂರು

ಉತ್ತರ: ವಾಚಿನಿಂದ ಎಷ್ಟು ಓಡಾಡಿದ ಅನ್ನೋದು ಗೊತ್ತಾಗುತ್ತದೆ, ಅಷ್ಟೇ. ನೀವು ಕರೆದಾಗ ನಿಂತನಾ, ಬೇಕಾದ ಆಟ ಸಿಕ್ಕರೆ ಕೂರುತ್ತಾನಾ, ಅದನ್ನು ವಾಚ್ ಹೇಳುವುದಿಲ್ಲ. ನಿಮಗೆ ಬೇಕಿರುವುದು ಅದೇ ಅಲ್ವಾ?

1956ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯ ದಂಪತಿ ಮಕ್ಕಳನ್ನು ಹಸುಗೂಸಿನಿಂದಲೇ ಗಮನಿಸಲು ಶುರು ಮಾಡಿದರು. ಮಗುವಿನ ಸ್ವಭಾವಕ್ಕೆ ಅವರು 9 ಮುಖ ಗುರುತಿಸಿದರು. ಚಟುವಟಿಕೆ ಅದರಲ್ಲಿ ಒಂದು ಮಾತ್ರ; ಹೊಸಬರ ಹತ್ತಿರ ಹೋಗುವುದು, ಬದಲಾವಣೆಗೆ ಒಗ್ಗುವುದು, ಹಿಡಿದ ಕೆಲಸ ಬಿಡದಿರುವುದು ಇವೂ ಇದ್ದವು. ಅವರು ತಾಯಂದಿರನ್ನು ‘ಮಗು ತುಂಟನಾ?’ ಅಂತ ಕೇಳಿ ಬಿಡಲಿಲ್ಲ. ಸ್ನಾನ ಮಾಡಿಸುವಾಗ ಏನು ಮಾಡಿದ, ಹೊಸ ತಿಂಡಿ ಕೊಟ್ಟರೆ ಏನು ಮಾಡಿದ ಅಂತ ಒಂದೊಂದಾಗಿ ಕೇಳಿದರು. ಯಾಕೆಂದರೆ ಒಬ್ಬ ತಾಯಿಗೆ ತುಂಟತನ ಅನಿಸಿದ್ದು ಇನ್ನೊಬ್ಬರಿಗೆ ಚುರುಕು. ಇದೇ ದಾರಿಯಲ್ಲಿ ಚಂಡೀಗಢದ ಪಿಜಿಐ ಎಂಬ ದೊಡ್ಡ ವೈದ್ಯಕೀಯ ಸಂಸ್ಥೆಯಲ್ಲಿ ನಮ್ಮ ದೇಶದ ಮಕ್ಕಳಿಗೆ ಹೊಂದುವ ಪ್ರಶ್ನೆಪಟ್ಟಿಯನ್ನೂ ಮಾಡಿದ್ದಾರೆ.

ನೀವೂ ಒಂದು ವಾರ ಬರೆದಿಡಿ. ‘ಹಠ ಮಾಡಿದ’ ಅಂತ ಬೇಡ. ‘ಎರಡು ತುತ್ತು ತಿಂದ, ಎದ್ದು ಬಾಗಿಲಿಗೆ ಹೋದ, ಕರೆದ ಮೇಲೆ ಬಂದ’ ಅಂತ ಕಂಡದ್ದನ್ನೇ ಬರೆಯಿರಿ. ಊಟ, ಆಟ, ಮಲಗುವ ಹೊತ್ತು, ಈ ಮೂರು ಸಾಕು. ನಿದ್ದೆ ಕೆಟ್ಟಿದ್ದರೆ ಅದನ್ನೂ ಸೇರಿಸಿ. ಶಾಲೆಯ ಟೀಚರ್ ಹತ್ತಿರ ಬೇರೆಯಾಗಿ ಕೇಳಿ, ನಿಮ್ಮ ಅಭಿಪ್ರಾಯ ಮೊದಲೇ ಹೇಳಬೇಡಿ. ಅಲ್ಲಿ ಕೂತು ಕಥೆ ಕೇಳುತ್ತಾನೆ, ಮನೆಯಲ್ಲಿ ಮಾತ್ರ ಓಡುತ್ತಾನೆ ಅಂದರೆ ಮೊದಲು ಮನೆಯ ದಿನಚರಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 3-4 ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು ಅನ್ನುತ್ತದೆ, ಅದರಲ್ಲಿ 60 ನಿಮಿಷ ಮೈ ಬಿಸಿಯಾಗುವಂಥ ಆಟ. ಟಿವಿ ಮುಂದೆ ಕೂರಿಸಿದ ಮಗು ಇದನ್ನು ಊಟದ ಹೊತ್ತಲ್ಲಿ ತೀರಿಸಿಕೊಂಡರೆ ತಪ್ಪು ಅವನದಲ್ಲ.

ಮನೆ, ಶಾಲೆ ಎರಡೂ ಕಡೆ ತಿಂಗಳುಗಟ್ಟಲೆ ಹೀಗೇ ಇದ್ದು, ಪದೇ ಪದೇ ಬಿದ್ದು ಗಾಯ ಮಾಡಿಕೊಳ್ಳುತ್ತಿದ್ದರೆ, ಬೇರೆ ಮಕ್ಕಳ ಜೊತೆ ಆಡಲು ಆಗುತ್ತಿಲ್ಲ ಅಂದರೆ ಮಕ್ಕಳ ತಜ್ಞರಿಗೆ ತೋರಿಸಿ. ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ.